ಹೊಗೆ ಇದೆ, ರೈಲೆಲ್ಲಿ?

ರಜೆ ಬಂತು ಅಂದ್ರೆ ಹಾಸ್ಟೆಲ್‌ನಲ್ಲಿ ಎಲ್ಲರೂ ಟ್ರೈನ್ ಟಿಕೆಟ್ ಬುಕ್ ಮಾಡೋಕೆ ಕೂರ್ತಾರೆ. "ನಿಮ್ಮೂರಿಗೆ ಯಾವ ಟ್ರೈನ್ ಮಗಾ?" ಅಂತ ನನ್ನನ್ನೂ ಕೇಳ್ತಾರೆ. ನಮ್ಮೂರು ಹನೂರಿನ ಹತ್ತಿರ, ಮಾದಪ್ಪನ ಬೆಟ್ಟಕ್ಕೆ ಹೋಗೋ ದಾರಿಯಲ್ಲಿದೆ. ಅಲ್ಲಿಗೆ ಟ್ರೈನ್ ಇಲ್ಲ. ಕೊಳ್ಳೇಗಾಲಕ್ಕೂ ಇಲ್ಲ.

ಅದಕ್ಕೇ ಇರಬೇಕು, ನನಗೆ ಮೊದಲಿಂದಲೂ ಉಗಿಬಂಡಿ ಹುಚ್ಚು. ಕಳೆದ ರಜೆಯಲ್ಲಿ ಮಾವನ ಜೊತೆ ದಿಂಬಂ ಘಾಟಿಯ 27 ತಿರುವು ಇಳಿದು ಮೆಟ್ಟುಪಾಳ್ಯಂಗೆ ಹೋದೆ. ಮರುದಿನ ಬೆಳಿಗ್ಗೆ ಕಲ್ಲಾರ್ ಹತ್ತಿರ, ಅಡಿಕೆ ತೋಟದ ಬದಿಯಲ್ಲಿ ಫೋನ್ ಹಿಡಿದು ನಿಂತೆ. ಛುಕ್ ಛುಕ್ ಸದ್ದು ಕೇಳಿಸ್ತು. ಆದರೆ ಮೊದಲು ಬಂದಿದ್ದು ನೀಲಿ ಬೋಗಿಗಳು, ಅದರ ಮುಂದೆ ಬಾವುಟ ಹಿಡಿದು ನಿಂತ ಬ್ರೇಕ್‌ನವರು. ಎಂಜಿನ್ನೇ ಇಲ್ವಲ್ಲ ಅಂತ ಫೋನ್ ಇಳಿಸಿದೆ. ಎಂಜಿನ್ ಹಿಂದಿತ್ತು! ಏರಿನಲ್ಲಿ ಈ ರೈಲನ್ನು ಎಂಜಿನ್ ಎಳೆಯಲ್ಲ, ಹಿಂದಿನಿಂದ ತಳ್ಳುತ್ತೆ. ಗಂಟೆಗೆ ಸುಮಾರು 10 ಕಿ.ಮೀ. ವೇಗದಲ್ಲಿ ಹೋಗೋ ರೈಲನ್ನೂ ಮಿಸ್ ಮಾಡ್ಕೊಂಡೆ. ಸಿಕ್ಕಿದ್ದು ಹೊಗೆ ಮಾತ್ರ.

ಆದರೂ ನೋಡಿದ್ದು ಮರೆಯಲ್ಲ. ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ, ಅದನ್ನು ಕಚ್ಚಿ ಹತ್ತೋ ಹಲ್ಲಿನ ಚಕ್ರ. ಕೆಲವು ಕಡೆ 12.5 ಅಡಿ ಮುಂದೆ ಹೋದರೆ 1 ಅಡಿ ಮೇಲೇರುತ್ತೆ. ಕಪ್ಪು ಹೊಗೆ ಫೋಟೋಗೆ ಚೆಂದ, ಆದರೆ ಇಂಧನ ಪೂರ್ತಿ ಉರಿದಿಲ್ಲ ಅಂತ ಅದರ ಅರ್ಥ. ಥರ್ಮೋಡೈನಾಮಿಕ್ಸ್ ಕ್ಲಾಸಲ್ಲಿ ತೂಕಡಿಸಿದ್ದು ಅಲ್ಲಿ ನೆನಪಾಯ್ತು.

ಊರಿಗೆ ಬಂದು ಅಜ್ಜಿಗೆ ಫೋಟೋ ತೋರಿಸಿದೆ. ಅಜ್ಜಿ ಕನ್ನಡಕ ಸರಿ ಮಾಡ್ಕೊಂಡು ನೋಡಿ, "ಬರೀ ಹೊಗೆನೇ ಕಾಣ್ತದಲ್ಲ ಕೂಸು, ರೈಲೆಲ್ಲಿ?" ಅಂದ್ರು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೊಳ್ಳೇಗಾಲ ಮತ್ತು ಮೆಟ್ಟುಪಾಳ್ಯಂ 1956ರವರೆಗೆ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಮೆಟ್ಟುಪಾಳ್ಯಂನಿಂದ ರೈಲು 1899ರಲ್ಲೇ ಬೆಟ್ಟ ಹತ್ತಿ ಕೂನೂರು ಸೇರಿತು. ಈ ಕಡೆ ಚಾಮರಾಜನಗರಕ್ಕೆ 1926ರಲ್ಲಿ ಬಂತು. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಕೊಳ್ಳೇಗಾಲಕ್ಕೆ ಇವತ್ತಿಗೂ ಬಂದಿಲ್ಲ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮೇಲೆ ಚಾಮರಾಜನಗರಕ್ಕೆ ಹೋಗೋ ಮಾರ್ಗ 1990ರ ದಶಕದಲ್ಲೇ ಮಂಜೂರಾಗಿತ್ತು. ಆಗ ನಾವ್ಯಾರೂ ಹುಟ್ಟೇ ಇರಲಿಲ್ಲ.

"ಬಸ್ ಇದೆಯಲ್ಲ" ಅಂತೀರಾ? ಶಿವರಾತ್ರಿಗೋ ದೀಪಾವಳಿಗೋ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿಗೆ ಬಂದು ಒಂದ್ಸಲ ಬೆಟ್ಟದ ಬಸ್ ಹತ್ತಿ ನೋಡಿ. "ಕಾಡು ಹಾಳಾಗುತ್ತೆ" ಅನ್ನೋ ಮಾತು ನಾನೂ ಒಪ್ತೀನಿ. ಆನೆ, ಹುಲಿ ಇರೋ ಕಾಡು ಕಡಿದು ಮಾದಪ್ಪನ ಬೆಟ್ಟಕ್ಕೆ ರೈಲು ಬೇಡವೇ ಬೇಡ. ಕೊಳ್ಳೇಗಾಲದವರೆಗೆ ಬಂದರೆ ಸಾಕು.

ಉಗಿಬಂಡಿ ಫೋಟೋ ತೆಗೀಬೇಡಿ ಅಂತ ನಾನು ಹೇಳ್ತಿಲ್ಲ. ನಾನೂ ಮತ್ತೆ ಹೋಗ್ತೀನಿ, ಈ ಸಲ ರೈಲಿನ ಹಿಂಬದಿ ಕಾಣೋ ಜಾಗದಲ್ಲಿ ನಿಲ್ತೀನಿ. ಆದರೆ ಹಳೇ ರೈಲನ್ನು ಇಷ್ಟು ಪ್ರೀತಿಸೋ ನಾವು, ಬರಬೇಕಾದ ರೈಲಿನ ಬಗ್ಗೆ ಒಂದು ಮಾತೂ ಆಡಲ್ಲ. ಸಿವಿಲ್ ಗೆಳೆಯರೇ, ಮುಂದಿನ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ಈ ಮಾರ್ಗವನ್ನೇ ತಗೊಳ್ಳಿ. ಊರು ತೋರಿಸೋಕೆ ನಾನಿದ್ದೀನಿ, ಊಟ ಅಜ್ಜಿ ಮನೇಲಿ. ಬರೋದು ಮಾತ್ರ ಬಸ್ಸಲ್ಲೇ.