ವೇತನವಿಲ್ಲದ ವೈಮಾನಿಕರು

ವಿಮಾನವೆಂದರೆ ಒಂದೋ ಯುದ್ಧದ ಆಯುಧ, ಇಲ್ಲವೆ ಧನಿಕರ ವಾಹನವೆಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಇವೆರಡೂ ಅಲ್ಲದ ಮೂರನೆಯ ಉಪಯೋಗವೊಂದುಂಟೆಂಬುದನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಾಮಾನ್ಯ ನಾಗರಿಕರು ಎಂಟು ದಶಕಗಳಿಗೂ ಮೀರಿ ಆಚರಣೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಅವರ ಸಂಸ್ಥೆಯ ಹೆಸರು ಸಿವಿಲ್ ಏರ್ ಪೆಟ್ರೋಲ್, ಎಂದರೆ ನಾಗರಿಕರ ವಾಯುಪಹರೆ. ಲೋಕಸೇವೆಯ ಮಾತನ್ನಾಡುವವರೆಲ್ಲರೂ ಅದರ ಚರಿತ್ರೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಈ ಸಂಸ್ಥೆ ಹುಟ್ಟಿದುದು 1941ನೆಯ ಡಿಸೆಂಬರ್ 1ರಂದು. ಆರು ದಿನಗಳಲ್ಲಿಯೇ ಪರ್ಲ್ ಹಾರ್ಬರಿನ ಮೇಲೆ ಜಪಾನಿನ ಬಾಂಬುಗಳು ಬಿದ್ದುವು. 1942ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಮೆರಿಕದ ಪೂರ್ವ ಕರಾವಳಿಯಲ್ಲಿಯೇ ಎಣ್ಣೆಯ ಹಡಗುಗಳನ್ನು ಮುಳುಗಿಸತೊಡಗಿದಾಗ ಕಾವಲಿಗೆ ಸಾಕಾಗುವಷ್ಟು ವಿಮಾನಗಳು ನೌಕಾಪಡೆಯಲ್ಲಿರಲಿಲ್ಲ. ಆಗ ಈ ಸ್ವಯಂಸೇವಕರು ತಮ್ಮ ಒಂಟಿ ಎಂಜಿನ್ನಿನ ಪುಟ್ಟ ವಿಮಾನಗಳನ್ನೇ ಸಮುದ್ರದ ಮೇಲೆ ಹಾರಿಸಿಕೊಂಡು ಹೋದರು. ಸುಮಾರು 18 ತಿಂಗಳ ಈ ಕಾವಲಿನಲ್ಲಿ 90 ವಿಮಾನಗಳು ನಷ್ಟವಾದುವು. 26 ಮಂದಿ ಪ್ರಾಣವನ್ನು ತೆತ್ತರು.

ಅವರು ಎರಡು ಜಲಾಂತರ್ಗಾಮಿಗಳನ್ನು ಮುಳುಗಿಸಿದರೆಂಬ ಪ್ರತೀತಿ ಬಹುಕಾಲ ನಡೆದುಬಂದಿತು. ಜರ್ಮನಿಯ ದಾಖಲೆಗಳು ಅದನ್ನು ಸಮರ್ಥಿಸುವುದಿಲ್ಲ. ಆದರೆ ಇದರಿಂದ ಅವರ ಕೀರ್ತಿಗೆ ಕುಂದೇನೂ ಬಾರದು. ತಲೆಯ ಮೇಲೆ ವಿಮಾನದ ಸುಳಿವು ಕಂಡೊಡನೆ ಜಲಾಂತರ್ಗಾಮಿ ನೀರಿನೊಳಕ್ಕೆ ಇಳಿಯಬೇಕು. ಇಳಿದೊಡನೆ ಅದರ ವೇಗ ಕುಗ್ಗುತ್ತದೆ. ಅಷ್ಟರಲ್ಲಿ ಹಡಗು ದೂರ ಸಾಗುತ್ತದೆ. ಕೊಂದುದರಿಂದಲ್ಲ, ಎಚ್ಚರವಾಗಿದ್ದುದರಿಂದಲೇ ಅವರು ಹಡಗುಗಳನ್ನು ಕಾದರು. ಇದೇ ಈ ಸಂಸ್ಥೆಯ ಜೀವಾಳವೆಂದು ನಾವು ತಿಳಿಯುತ್ತೇವೆ.

ಯುದ್ಧವು ಮುಗಿದ ಮೇಲೆ ಅದು ಚದುರಿಹೋಗಬಹುದಾಗಿತ್ತು. ಹಾಗಾಗದಂತೆ 1946ನೆಯ ಜುಲೈ 1ರಂದು ಅಧ್ಯಕ್ಷ ಟ್ರೂಮನ್ನರು ಸಹಿ ಮಾಡಿದ ಕಾಯಿದೆಯು ಅದನ್ನು ಪರೋಪಕಾರದ ಸಂಸ್ಥೆಯನ್ನಾಗಿ ಸ್ಥಾಪಿಸಿತು; 1948ರ ಮೇ ತಿಂಗಳಿನ ಕಾಯಿದೆಯು ಅದನ್ನು ವಾಯುಪಡೆಯ ಸಹಾಯಕ ಅಂಗವನ್ನಾಗಿ ಮಾಡಿತು. ಅಂದಿನಿಂದ ಅದರ ಕೆಲಸ ಮೂರು ಬಗೆ: ಆಪತ್ಕಾಲದ ನೆರವು, ವಿಮಾನವಿದ್ಯೆಯ ಪ್ರಚಾರ, ತರುಣರ ಶಿಕ್ಷಣ. ಕಾಡುಗುಡ್ಡಗಳಲ್ಲಿ ವಿಮಾನವು ಕಾಣೆಯಾದರೆ ಅದನ್ನು ಹುಡುಕುವವರು ಇವರು. ಪ್ರವಾಹದಲ್ಲಿ ಮುಳುಗಿದ ಊರುಗಳ ಚಿತ್ರಗಳನ್ನು ಮೇಲಿನಿಂದ ತೆಗೆದು ಅಧಿಕಾರಿಗಳಿಗೆ ಒಪ್ಪಿಸುವವರೂ ಇವರೇ. 2001ನೆಯ ಸೆಪ್ಟೆಂಬರ್ 11ರ ದುರಂತದ ಮರುದಿನ, ಆ ದೇಶದ ಆಕಾಶವೆಲ್ಲ ಖಾಸಗಿ ಸಂಚಾರಕ್ಕೆ ಮುಚ್ಚಿದ್ದಾಗ, ನ್ಯೂಯಾರ್ಕಿನ ಭಗ್ನಸ್ಥಳದ ಚಿತ್ರಗಳನ್ನು ತೆಗೆಯಲು ಇವರ ವಿಮಾನಕ್ಕೆ ಅನುಮತಿ ದೊರೆಯಿತು. ಅಂತಹ ವಿಶ್ವಾಸವು ಒಂದು ದಿನದಲ್ಲಿ ಹುಟ್ಟುವುದಿಲ್ಲ.

ಶೋಧನೆಯ ಕ್ರಮವಾದರೋ ಬಹು ನೀರಸವಾದುದು. ಭೂಪಟವನ್ನು ಚೌಕಗಳಾಗಿ ವಿಭಾಗಿಸಿ, ಒಂದೊಂದು ಚೌಕದ ಮೇಲೆಯೂ ನೇಗಿಲ ಸಾಲಿನಂತೆ ಹಿಂದಕ್ಕೂ ಮುಂದಕ್ಕೂ ಹಾರಬೇಕು. ಚಾಲಕನು ವಿಮಾನವನ್ನು ನಡೆಸುವಾಗ ಜೊತೆಯವರು ನೆಲದಿಂದ ಕಣ್ಣು ಕೀಳುವಂತಿಲ್ಲ. ಮನಸ್ಸು ಬಂದ ಕಡೆ ಹಾರುವಂತೆಯೂ ಇಲ್ಲ. ಆಜ್ಞೆಯಾದ ಮೇಲೆಯೇ ಹೊರಡಬೇಕು.

ಈ ಶಿಸ್ತನ್ನೇ ಅವರು ಮಕ್ಕಳಿಗೂ ಕಲಿಸುತ್ತಾರೆ. 1942ರಲ್ಲಿಯೇ ಪ್ರಾರಂಭವಾದ ಕೆಡೆಟ್ ಶಾಖೆಗೆ ಈಗ 12 ವರ್ಷ ತುಂಬಿದ ಬಾಲಕರೂ ಬಾಲಿಕೆಯರೂ ಸೇರಬಹುದು. ಅವರನ್ನು ವಿಮಾನದಲ್ಲಿ ಕುಳ್ಳಿರಿಸಿಕೊಂಡು ಹಾರಿಸುವುದುಂಟು. ಕವಾಯಿತು, ಪ್ರಥಮ ಚಿಕಿತ್ಸೆ, ನೆಲದ ಮೇಲಿನ ಶೋಧನೆ ಇವುಗಳನ್ನು ಕಲಿಸುವುದೂ ಉಂಟು. ತನ್ನ ಕಲಿಕೆಯಿಂದ ಅಪರಿಚಿತನೊಬ್ಬನ ಜೀವ ಉಳಿಯಬಹುದೆಂದು ಬಲ್ಲ ಬಾಲಕನಿಗೆ ಶಿಸ್ತು ಹೊರೆಯಾಗಿ ತೋರುವುದಿಲ್ಲ.

ಸರ್ಕಾರವು ಮಾಡಬೇಕಾದ ಕೆಲಸವನ್ನು ಜನರ ತಲೆಯ ಮೇಲೆ ಹೊರಿಸುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ಯುಕ್ತವಾದುದು. ಅಲ್ಲಿ ಸದಸ್ಯರು ವೇತನವಿಲ್ಲದೆ ದುಡಿಯುತ್ತಾರೆ, ವರ್ಷದ ಚಂದಾವನ್ನೂ ತೆರುತ್ತಾರೆ, ನಿಜ. ಆದರೆ ವಾಯುಪಡೆಯು ಒಪ್ಪಿಸಿದ ಕಾರ್ಯಗಳಿಗೆ ಇಂಧನದ ವೆಚ್ಚವನ್ನು ಸರ್ಕಾರವೇ ಕೊಡುತ್ತದೆ. ವಿಮಾನಗಳನ್ನು ಕೊಳ್ಳುವುದಕ್ಕೂ ಹಣವನ್ನು ಒದಗಿಸುತ್ತದೆ. ಪ್ರಜೆಯು ಕಾಲವನ್ನೂ ಕುಶಲತೆಯನ್ನೂ ಕೊಡಲಿ. ಸಾಧನವನ್ನೂ ಅಧಿಕಾರವನ್ನೂ ಸರ್ಕಾರವು ಕೊಡಲಿ. ಈ ಒಪ್ಪಂದವಿಲ್ಲದ ಸ್ವಯಂಸೇವೆಯು ಬಿಟ್ಟಿ ಚಾಕರಿಯಲ್ಲದೆ ಬೇರೆಯಲ್ಲ.

ನಮ್ಮ ನಾಡಿಗೆ ಈ ತತ್ತ್ವವು ಹೊಸದಲ್ಲ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳಕ್ಕೆ ಅಡಿಪಾಯವನ್ನು ಹಾಕಿದಾಗ, ಉತ್ಸಾಹಕ್ಕೆ ಶಿಕ್ಷಣದ ಕಟ್ಟು ಬೇಕೆಂಬುದೇ ಅವರ ಮುಖ್ಯ ಬೋಧೆಯಾಗಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಮಲಪ್ರಭೆಯೂ ಉಕ್ಕಿ ಹರಿದಾಗ ನೆರವಿಗೆ ಓಡಿದ ತರುಣರಿಗೆ ನಮ್ಮಲ್ಲಿ ಕೊರತೆಯಿರಲಿಲ್ಲ. ಆದರೆ ನೀರು ಏರಿದ ಮೇಲೆ ಬಂದ ನೂರು ಜನರಿಗಿಂತ, ಮೊದಲೇ ಹೆಸರು ಬರೆಯಿಸಿಕೊಂಡು ಅಭ್ಯಾಸ ಮಾಡಿದ ಹತ್ತು ಜನರು ಮೇಲು. ಯಾರಿಗೆ ದೋಣಿ ನಡೆಸಲು ಬರುತ್ತದೆ, ಯಾರಿಗೆ ವೈದ್ಯ ಬಲ್ಲದು, ಯಾರಲ್ಲಿ ವಾಹನವಿದೆ ಎಂಬ ಪಟ್ಟಿಯು ಪ್ರತಿಯೊಂದು ತಾಲ್ಲೂಕು ಕಚೇರಿಯಲ್ಲಿಯೂ ಮಳೆಗಾಲಕ್ಕೆ ಮುಂಚೆಯೇ ಸಿದ್ಧವಾಗಿರಬೇಕು. ಅದಕ್ಕೆ ವಿಮಾನಗಳು ಬೇಕಾಗಿಲ್ಲ. ಬೇಕಾದುದು ಕರೆಯುವ ಅಧಿಕಾರಿ, ಕರೆದಾಗ ಬರಲು ಸಿದ್ಧನಾಗಿರುವ ಪ್ರಜೆ. ಬಾಯಾರಿದಾಗ ಬಾವಿ ತೋಡುವ ಅಭ್ಯಾಸವನ್ನು ನಾವಿನ್ನು ಬಿಡಬೇಕು.