ಕುಲುಮೆಗೆ ಗೊತ್ತಿದ್ದದ್ದಕ್ಕೆ ಪೇಟೆಂಟ್ ಯಾಕೆ?



ಶಿವಾಜಿನಗರದ ಗುಜರಿ ಅಂಗಡಿ ಸಾಲು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ರಸೆಲ್ ಮಾರ್ಕೆಟ್ಟಿಗೆ ತರಕಾರಿ ಹಾಕಿ, ಬರುವಾಗ ಹಳೇ ಬೇರಿಂಗೋ ಪುಲ್ಲಿಯೋ ಹುಡುಕಿಕೊಂಡು ಬಂದವರು ನಾವು. ಅಲ್ಲಿಯ ಮೆಕ್ಯಾನಿಕ್ ಮುಂದೆ ಒಂದು ಎಡೆಕುಂಟೆ ಇಟ್ಟು, "ಸಾಬರೇ, ಇದನ್ನ ಟಿಲ್ಲರಿಗೆ ಕೂರಿಸಿಕೊಡಿ, ಸಾಲಿಗೆ ತಕ್ಕ ಹಾಗೆ ಅಗಲ ಮಾಡೋಕೆ ಬರಬೇಕು" ಅನ್ನಿ. ಕಬ್ಬಿಣದ ಪಟ್ಟಿಗೆ ನಾಲ್ಕು ತೂತು ಕೊರೆದು, ಬೋಲ್ಟ್ ಹಾಕಿ, ಸಂಜೆಯೊಳಗೆ ಕೈಗೆ ಕೊಡ್ತಾರೆ. ನಾಳೆ ಯಾವುದೋ ಕಂಪನಿ ಅದೇ ತೂತಿನ ಪಟ್ಟಿಗೆ ಬಣ್ಣ ಬಳಿದು, "ಇದು ನಮ್ಮ ಶೋಧನೆ, 20 ವರ್ಷ ಬೇರೆ ಯಾರೂ ಮಾಡಕೂಡದು" ಅಂದರೆ ಏನು ಗತಿ? ಮಾಡುವವನು ಒಬ್ಬನೇ ಆದರೆ ಹೇಳಿದ್ದೇ ಬೆಲೆ. ಆ ಬೆಲೆ ಕಟ್ಟೋಕೆ ನಾವು ಸೊಸೈಟಿಯಲ್ಲಿ ಸಾಲ ಎತ್ತಬೇಕು.

ಕಾನೂನು ಇದಕ್ಕೆ ಒಪ್ಪೋದಿಲ್ಲ. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ವಸ್ತು ಹೊಸದಾಗಿದ್ದರೆ ಸಾಲದು. ಆ ಕಸುಬು ಬಲ್ಲವನಿಗೆ ತಾನಾಗಿ ಹೊಳೆಯುವಂಥದ್ದೂ ಆಗಿರಬಾರದು. ಗೊತ್ತಿದ್ದ ಸಾಧನಗಳನ್ನು ಬರೀ ಪಕ್ಕಪಕ್ಕ ಜೋಡಿಸಿ, ಅವು ತಮ್ಮ ಪಾಡಿಗೆ ತಾವು ಹಳೇ ಕೆಲಸವನ್ನೇ ಮಾಡುತ್ತಿದ್ದರೆ ಅದು ಶೋಧನೆಯೇ ಅಲ್ಲ ಅನ್ನುತ್ತದೆ 3ನೇ ಕಲಮು.

ಸುಪ್ರೀಂ ಕೋರ್ಟು ಇದನ್ನು 1978ರ ಡಿಸೆಂಬರ್ 13ರಂದೇ ತೀರ್ಮಾನ ಮಾಡಿದೆ. ಉತ್ತರ ಪ್ರದೇಶದ ಮಿರ್ಜಾಪುರದ ಎರಡು ಪಾತ್ರೆ ಕಾರ್ಖಾನೆಗಳ ಜಗಳ ಅದು. ಲೇತಿನಲ್ಲಿ ತಿರುಗುವಾಗ ಪಾತ್ರೆ ಹಾರಿಹೋಗದಂತೆ ಒತ್ತಿ ಹಿಡಿಯುವ ಏರ್ಪಾಟಿಗೆ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ 1951ರಿಂದ ಜಾರಿಯಾಗುವಂತೆ ಪೇಟೆಂಟ್ ಪಡೆದಿತ್ತು. ನ್ಯಾಯಮೂರ್ತಿ ಸರ್ಕಾರಿಯಾ ಅವರ ತೀರ್ಪು ಏನು? ಅದು ಕಾರ್ಖಾನೆಯೊಳಗಿನ ಮಾಮೂಲು ಸುಧಾರಣೆ, ಶೋಧನೆಯಲ್ಲ ಅಂತ. ಪೇಟೆಂಟ್ ರದ್ದಾಯಿತು. ಆದರೆ ಎಷ್ಟು ವರ್ಷದ ಮೇಲೆ? 27 ವರ್ಷದ ಮೇಲೆ!

ನಮ್ಮ ಬೇವಿನ ಕಥೆಯೂ ಅಷ್ಟೇ. ಬೇವಿನೆಣ್ಣೆಯಿಂದ ಬೂಷ್ಟು ರೋಗ ತಡೆಯುವ ವಿಧಾನಕ್ಕೆ ಅಮೆರಿಕದ ಗ್ರೇಸ್ ಕಂಪನಿ, ಆ ದೇಶದ ಕೃಷಿ ಇಲಾಖೆಯ ಜೊತೆ ಸೇರಿ, 1994ರಲ್ಲಿ ಯುರೋಪಿನ ಪೇಟೆಂಟ್ ಪಡೆಯಿತು. ಅದೇ ಕಂಪನಿ ನಮ್ಮ ತುಮಕೂರಿನ ಬೇವಿನ ಕಾರ್ಖಾನೆಗೂ ಕೈಜೋಡಿಸಿತ್ತು. ವಂದನಾ ಶಿವ ಮತ್ತಿತರರು ತಕರಾರು ಹಾಕಿದರು. 2000ದಲ್ಲಿ ಪೇಟೆಂಟ್ ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿತ್ತು. ನಮ್ಮ ಅಜ್ಜಿಗೆ ಗೊತ್ತಿದ್ದದ್ದನ್ನು ಅವರಿಗೆ ಒಪ್ಪಿಸೋಕೆ ಹತ್ತು ವರ್ಷ!

"ಮಾಡಿ ತೋರಿಸಿದ ಮೇಲೆ ಎಲ್ಲವೂ ಸುಲಭವೇ" ಅಂತ ಕಂಪನಿಯವರು ವಾದ ಮಾಡ್ತಾರೆ. ಆ ಮಾತಿನಲ್ಲಿ ಸತ್ಯ ಇದೆ. ನಿಜವಾಗಿ ತಲೆ ಓಡಿಸಿ ಹೊಸದು ಕಂಡುಹಿಡಿದವನಿಗೆ ಫಲ ಸಿಗಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಅದಕ್ಕೇ ಅಳೆಯಬೇಕಾದ್ದು ಇವತ್ತಿನ ಕಣ್ಣಿನಿಂದ ಅಲ್ಲ. ಅರ್ಜಿ ಹಾಕುವ ಮುಂಚೆ ಏನೇನು ಬಳಕೆಯಲ್ಲಿತ್ತು ಅನ್ನುವುದರಿಂದ. ತೊಂದರೆ ಇರೋದೇ ಇಲ್ಲಿ. ಅಧಿಕಾರಿ ಹುಡುಕುವುದು ಕಾಗದದಲ್ಲಿ. ಕುಲುಮೆಯವನು ಕಾಗದ ಬರೆದಿಟ್ಟಿಲ್ಲ. ಕರ್ನಾಟಕದ ಅರ್ಜಿಗಳು ಸೇರುವ ಚೆನ್ನೈ ಕಚೇರಿಗೆ ನಮ್ಮ ಎಡೆಕುಂಟೆಯ ತೂತು ಕಾಣುವುದಾದರೂ ಹೇಗೆ? ನಮಗೆ ಹಳಸಲು ಅವರಿಗೆ ಹೊಸದು.

ಕಾಯ್ದೆಯ 25ನೇ ಕಲಮಿನಲ್ಲಿ ಒಂದು ಬಾಗಿಲಿದೆ. ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮೊದಲು, ಯಾರು ಬೇಕಾದರೂ ತಕರಾರು ಹಾಕಬಹುದು. ಊರವರ ಬಾಯಿಮಾತಿನ ತಿಳಿವಳಿಕೆಯೂ ಅಲ್ಲಿ ನಡೆಯುತ್ತದೆ. ಇದಕ್ಕೆ ಮುಂಚೆ ಕಾಸು ಇರಲಿಲ್ಲ. 2024ರ ಮಾರ್ಚಿನಲ್ಲಿ ನಿಯಮ ತಿದ್ದಿ ಶುಲ್ಕ ಹೇರಿದ್ದಾರೆ. ತಕರಾರು ಕೇಳಲು ಯೋಗ್ಯವೋ ಅಲ್ಲವೋ ಅಂತ ಅಧಿಕಾರಿ ಮೊದಲೇ ಜರಡಿ ಹಿಡಿಯುತ್ತಾರೆ. ಕಳ್ಳ ಬಂದ ಅಂತ ಕೂಗುವವನೇ ಸುಂಕ ಕಟ್ಟಬೇಕೇ? ಇದು ಯಾವ ಊರ ನ್ಯಾಯ?

ನಮ್ಮ ಒತ್ತಾಯ ಎರಡೇ. ರೈತರ, ಕುಶಲಕರ್ಮಿಗಳ ತಕರಾರಿಗೆ ಶುಲ್ಕ ಇರಕೂಡದು. ಬೇಸಾಯದ ಸಲಕರಣೆಯ ಅರ್ಜಿ ಬಂದಾಗ ಆ ಸಲಕರಣೆ ಮಾಡುವ ಕಮ್ಮಾರ, ಬಡಗಿ, ಮೆಕ್ಯಾನಿಕ್‌ಗಳನ್ನು ಕರೆದು ಕೇಳಲೇಬೇಕು. "ಕಸುಬು ಬಲ್ಲವನು" ಅಂದರೆ ಇವರಲ್ಲದೆ ಇನ್ಯಾರು?

ಸರ್ಕಾರ ಕೇಳುವ ತನಕ ಕೈಕಟ್ಟಿ ಕೂರುವುದೂ ಬೇಡ. ನಿಮ್ಮೂರಿನಲ್ಲಿ ಯಾರಾದರೂ ಕೂರಿಗೆ, ಕುಂಟೆ, ಪಂಪು ಏನನ್ನೇ ತಿದ್ದಿ ಕಟ್ಟಿದ್ದರೆ ಫೋಟೋ ತೆಗೆಯಿರಿ, ನಕ್ಷೆ ಬರೆಯಿರಿ, ತಾರೀಖು ಹಾಕಿ ಈ ಪತ್ರಿಕೆಗೆ ಕಳಿಸಿ. ಅಚ್ಚಾದ ತಾರೀಖು ಸಾಕ್ಷಿ. ಆಮೇಲೆ ಬಂದು "ನಮ್ಮದು" ಅನ್ನುವವನ ಮುಖಕ್ಕೆ ಆ ಹಾಳೆ ಹಿಡಿಯೋಣ.