ಕತ್ತರಿಸುವ ಯಂತ್ರಕ್ಕೆ ಯಾವ ಕಡತ?

ಕಾಗದ, ವಿನೈಲ್ ಹಾಳೆಗಳನ್ನು ವಿನ್ಯಾಸಕ್ಕೆ ತಕ್ಕಂತೆ ಕತ್ತರಿಸುವ ಕ್ರಿಕಟ್, ಸಿಲೂಯೆಟ್‌ನಂತಹ ಯಂತ್ರಗಳು ಈಗ ಮನೆಯ ಮೇಜಿನ ಮೇಲೆ ಕೂರುವಷ್ಟು ಚಿಕ್ಕವಾಗಿವೆ. ಶುಭಾಶಯ ಪತ್ರ, ಉಡುಗೊರೆ ಡಬ್ಬಿ ಮಾಡಿ ಮಾರುವವರಿಗೆ ಇವು ಬಂಡವಾಳ. ಕೊಳ್ಳುವಾಗ ಎಲ್ಲರೂ ಬೆಲೆ ವಿಚಾರಿಸುತ್ತಾರೆ. ಯಂತ್ರದ ತಂತ್ರಾಂಶ ಯಾವ ಬಗೆಯ ಕಡತ ಓದುತ್ತದೆಂದು ಕೇಳುವವರು ಕಡಿಮೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಈ ಎರಡನೆಯ ಪ್ರಶ್ನೆಯೇ ದೊಡ್ಡದು.

ಜೆಪಿಇಜಿ, ಪಿಎನ್‌ಜಿ ಕಡತಗಳು ಬಣ್ಣದ ಚುಕ್ಕಿಗಳ ರಾಶಿ. ಬ್ಲೇಡಿಗೆ ಬೇಕಾದದ್ದು ಗೆರೆ. ಚುಕ್ಕಿಗಳ ಅಂಚು ಹುಡುಕಿ ತಂತ್ರಾಂಶವೇ ಗೆರೆ ಎಳೆಯಬಲ್ಲದಾದರೂ ಕನ್ನಡದ ಒತ್ತಕ್ಷರಗಳ ಸಣ್ಣ ತಿರುವುಗಳಲ್ಲಿ ಅದು ಮುಗ್ಗರಿಸುವುದುಂಟು. ಗೆರೆಗಳನ್ನೇ ಲೆಕ್ಕದ ರೂಪದಲ್ಲಿ ಬರೆದಿಡುವ ಕಡತಗಳಲ್ಲಿ ಎರಡು ಮುಖ್ಯ. 1982ರಲ್ಲಿ ಆಟೊಡೆಸ್ಕ್ ಸಂಸ್ಥೆ ಆಟೊಕ್ಯಾಡ್‌ನೊಡನೆ ತಂದ ಡಿಎಕ್ಸ್‌ಎಫ್ ಎಂಜಿನಿಯರರ ನಕ್ಷೆಗಾಗಿ ಹುಟ್ಟಿದ್ದು. ಅಂಗುಲವೋ ಮಿಲಿಮೀಟರೋ ಎಂಬ ಗೊಂದಲದಲ್ಲಿ ಚಿತ್ರ 25 ಪಟ್ಟು ಹಿಗ್ಗಿಯೋ ಕುಗ್ಗಿಯೋ ಬರುವುದಿದೆ. 2001ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಅಂಗೀಕರಿಸಿದ ಎಸ್‌ವಿಜಿ ಮುಕ್ತ ಮಾನಕ. ಬಣ್ಣಗಳನ್ನೂ ವಕ್ರರೇಖೆಗಳನ್ನೂ ಅದು ಹಾಗೆಯೇ ಉಳಿಸಿಕೊಳ್ಳುತ್ತದೆ.

ಕಂಪನಿಗಳ ಹಿತಾಸಕ್ತಿ ಬೇರೆ. ಸಿಲೂಯೆಟ್‌ನ ಉಚಿತ ತಂತ್ರಾಂಶ ಬಹುಕಾಲ ಡಿಎಕ್ಸ್‌ಎಫ್ ತೆರೆಯುತ್ತಿತ್ತೇ ಹೊರತು ಎಸ್‌ವಿಜಿಗೆ ಪ್ರತ್ಯೇಕ ಹಣ ತೆರಬೇಕಿತ್ತು. ಚಂದಾ ಕಟ್ಟದವರು ತಿಂಗಳಿಗೆ 20ಕ್ಕಿಂತ ಹೆಚ್ಚು ಸ್ವಂತ ಚಿತ್ರ ಸೇರಿಸುವಂತಿಲ್ಲವೆಂದು ಕ್ರಿಕಟ್ 2021ರ ಮಾರ್ಚ್‌ನಲ್ಲಿ ಘೋಷಿಸಿ, ಬಳಕೆದಾರರು ಸಿಡಿದೆದ್ದ ಮೇಲೆ ಅದೇ ತಿಂಗಳು ಹಿಂದೆಗೆಯಿತು. ಹಣ ಕೊಟ್ಟು ಕೊಂಡ ಯಂತ್ರದ ಬಳಕೆಗೆ ಮತ್ತೆ ಸುಂಕ! ವಿನ್ಯಾಸಗಳು ಎಸ್‌ವಿಜಿಯಲ್ಲಿದ್ದವನಿಗೆ ಬೇರೆ ಯಂತ್ರದ ದಾರಿಯಾದರೂ ಇರುತ್ತದೆ. ಕಂಪನಿಯ ಸ್ವಂತ ಮಾದರಿಯಲ್ಲಿಯೇ ವರ್ಷಗಟ್ಟಲೆ ಕೂಡಿಟ್ಟವನಿಗೆ ಅದೂ ಇಲ್ಲ.

ಈ ಸಂಕಟ ಕನ್ನಡಿಗರಿಗೆ ಹೊಸದಲ್ಲ. ಹಳೆಯ ನುಡಿ ಫಾಂಟಿನ ಪತ್ರಗಳು ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುವುದನ್ನು ಕಚೇರಿಗಳಲ್ಲಿ ದುಡಿದವರೆಲ್ಲ ಬಲ್ಲರು. ಆದ್ದರಿಂದ ಕನ್ನಡ ಹೆಸರು ಕತ್ತರಿಸುವವರು ಅಕ್ಷರಗಳನ್ನು ಮೊದಲು ಬಾಹ್ಯರೇಖೆಗಳಾಗಿ ಪರಿವರ್ತಿಸಿ, ಆನಂತರ ಎಸ್‌ವಿಜಿಯಾಗಿ ಉಳಿಸುವುದು ಕ್ಷೇಮ. ತಿದ್ದಲು ಬರುವ ಮೂಲ ಪ್ರತಿಯೂ ಬೇರೆ ಇರಲಿ. ರೇಖೆಯಾದ ಅಕ್ಷರದಲ್ಲಿ ಕಾಗುಣಿತ ತಿದ್ದುವುದು ಕಷ್ಟ. ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಇಷ್ಟೂ ಸಾಧ್ಯ.

ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಕೇಂದ್ರ ಸರ್ಕಾರ 2010ರಲ್ಲಿಯೇ ಪ್ರಕಟಿಸಿತು. ಸ್ವಉದ್ಯೋಗಕ್ಕೆಂದು ಸಹಾಯಧನದಲ್ಲಿ ಇಂತಹ ಯಂತ್ರ ಕೊಡಿಸುವಾಗಲೂ, ಜೊತೆಗೆ ಬರುವ ತಂತ್ರಾಂಶ ಹೆಚ್ಚುವರಿ ಶುಲ್ಕವಿಲ್ಲದೆ ಎಸ್‌ವಿಜಿ ತೆರೆಯತಕ್ಕದ್ದೆಂಬ ಒಂದು ಸಾಲನ್ನು ಖರೀದಿ ಷರತ್ತಿಗೆ ಸೇರಿಸಬಹುದು. ಅದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ.